ಜೊತೆಯಾಗಿ ಹೊರಗೆ ಬಾರದ ಅತ್ತೆ ಸೊಸೆ

ಜೈಲಿನಿಂದ ಹೊರಬರುವವರನ್ನು ಮತ್ತೆ ಮನೆ ಸೇರಿಸುವ ಉದ್ಯೋಗಕ್ಕೆ ಈಗ ಕಾಲೇಜು ಓದಿದ ಹುಡುಗರು, ಹುಡುಗಿಯರೂ ಬರುತ್ತಿದ್ದಾರೆಂದು ಕೇಳಿದೆ. ಅದಕ್ಕೆ ಪ್ರತ್ಯೇಕ ಪರೀಕ್ಷೆಗಳೂ ಉಂಟಂತೆ. ನಮ್ಮ ಕಾಲದಲ್ಲಿ ಬೇಕಾಗಿದ್ದ ಅರ್ಹತೆ ಇಷ್ಟೇ: ಕನ್ನಡ, ತಮಿಳು, ತೆಲುಗು ಮೂರಕ್ಕೂ ತಿರುಗುವ ಒಂದು ನಾಲಿಗೆ, ಅಂಚೆಟ್ಟಿಯ ಕಲ್ಲುದಾರಿಯನ್ನು ತಡೆದುಕೊಳ್ಳುವ ಎರಡು ಕಾಲು. ತಲೆಯ ವಿಷಯವನ್ನು ನನ್ನ ನೇಮಕದ ವೇಳೆ ಯಾರೂ ಎತ್ತಲಿಲ್ಲ. ಅದು ಮೇಲಿನವರ ಬಳಿ ಬೇಕಾದಷ್ಟಿದೆ ಎಂಬ ನಂಬಿಕೆ ಎಲ್ಲರಿಗೂ ಇತ್ತು.

ನಾನು ಹೊಸೂರಿನವನು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ, ಬಿಡುಗಡೆಯಾಗುವ ಕೈದಿಗಳಿಗೆ ನೆರವಾಗುವ ಒಂದು ಸಂಘದಲ್ಲಿ ಸಂಚಾರಿ ಏಜೆಂಟನಾಗಿ ಸೇರಿದೆ. ನಂತರ ಬಂದ ಬಡ್ತಿಗಳ ಕಥೆ ಹೇಳುವುದಿಲ್ಲ. ಅವೆಲ್ಲ ನನಗಿಂತ ಮೇಲಿದ್ದವರು ಒಬ್ಬೊಬ್ಬರಾಗಿ ತೀರಿಕೊಂಡದ್ದರಿಂದ ಬಂದವು, ಸಾಧನೆ ಅವರದೇ.

ಸಂಘದ ಗೌರವ ಕಾರ್ಯದರ್ಶಿಗಳು ಒಬ್ಬ ನಿವೃತ್ತ ಜಡ್ಜರು. ಕೃಷ್ಣಗಿರಿಯ ಅವರ ಮನೆಯ ಜಗಲಿಯೇ ನಮ್ಮ ಕಚೇರಿ. ಅರ್ಧ ಆಯುಸ್ಸು ಜನರನ್ನು ಒಳಗೆ ಕಳಿಸಿದ ಮೇಲೆ, ಉಳಿದರ್ಧವನ್ನು ಅದೇ ಜನರನ್ನು ಹೊರಗೆ ತರುವುದಕ್ಕೆ ಅವರು ಮೀಸಲಿಟ್ಟಿದ್ದರು. ಎರಡು ಕೆಲಸವನ್ನೂ ಒಂದೇ ಧ್ವನಿಯಲ್ಲಿ ಮಾಡುತ್ತಿದ್ದರು. ಧರ್ಮಾತ್ಮರು, ಅದರಲ್ಲಿ ಸಂಶಯವಿಲ್ಲ. ಧರ್ಮಾತ್ಮರ ಕೈಕೆಳಗೆ ಕೆಲಸ ಮಾಡುವವರಿಗೆ ಮಾತ್ರ ಸ್ವಲ್ಪ ಪುಣ್ಯ ಮೊದಲೇ ಕೂಡಿಟ್ಟಿರಬೇಕು.

ಜಡ್ಜ್ ಸಾಹೇಬರು ಕೈದಿಗಳಿಗಾಗಿ ‘ಗೃಹಪ್ರವೇಶ ಪಾಠ’ ಎಂಬುದೊಂದನ್ನು ರಚಿಸಿದ್ದರು. ಬಿಡುಗಡೆಗೆ ಹತ್ತಿರವಾದವನು ಮನೆಯ ಹೊಸಿಲ ಮುಂದೆ ಕೈಮುಗಿದು ನಿಲ್ಲಬೇಕು. ಹೆಂಡತಿಯನ್ನು ನೇರವಾಗಿ ನೋಡಬೇಕು. ಅವಳ ಕ್ಷೇಮ ವಿಚಾರಿಸಿ, ತಾನು ಪಶ್ಚಾತ್ತಾಪಪಟ್ಟಿದ್ದೇನೆಂದು ಸ್ಪಷ್ಟವಾಗಿ ನುಡಿಯಬೇಕು. ಇದರ ತಾಲೀಮು ಜಿಲ್ಲೆಯ ದೊಡ್ಡ ಜೈಲಿನ ಅಂಗಳದಲ್ಲಿ ನಡೆಯುತ್ತಿತ್ತು. ಹೆಂಡತಿಯ ಪಾತ್ರ ಹೆಡ್ ವಾರ್ಡರ್ ಪೊನ್ನುಸಾಮಿಯದು. ಆತ ತಲೆಯ ಮೇಲೆ ಟವೆಲ್ಲು ಹೊದ್ದು, ಮೀಸೆಯನ್ನು ಇದ್ದ ಹಾಗೆಯೇ ಬಿಟ್ಟು, ಲಾಠಿಯನ್ನು ಕಂಕುಳಲ್ಲಿ ಇರುಕಿಕೊಂಡು ನಿಲ್ಲುತ್ತಿದ್ದ. ಕೈದಿ ಲಾಠಿಯ ಕಡೆ ನೋಡುತ್ತಾ, “ಸೌಖ್ಯವಾಗಿದ್ದೀಯಾ? ನಾನು ಪಶ್ಚಾತ್ತಾಪಪಟ್ಟಿದ್ದೇನೆ,” ಎನ್ನುವನು. ಪೊನ್ನುಸಾಮಿ ತನ್ನ ತಮಿಳಿನಲ್ಲಿ, “ಸರಿ ಸರಿ, ಉಳ್ಳೇ ವಾ,” ಎನ್ನುವನು. ಒಳಗೆ ಬಾ ಎಂಬ ಈ ಮಾತನ್ನು ಜೈಲಿನ ವಾರ್ಡರನ ಬಾಯಿಂದ ಕೇಳಿದ ಯಾವ ಕೈದಿಯ ಮುಖದಲ್ಲೂ ದಾಂಪತ್ಯದ ಕಳೆ ಕಂಡದ್ದನ್ನು ನಾನು ಕಾಣೆ.

ಈ ಪಾಠದಲ್ಲಿ ಮೊದಲು ತೇರ್ಗಡೆಯಾದವನು ಆಲಸನತ್ತದ ಮುನಿಯಪ್ಪ, ಎತ್ತು ಕದ್ದವನು. ನಮ್ಮ ಕಡೆ ಹಿರಿಯರ ಮುಂದೆ ಗಂಡಸು ಹೆಂಡತಿಯನ್ನು ಮಾತಾಡಿಸುವುದಿಲ್ಲ. ಪರಸ್ಥಳದಿಂದ ಬಂದವನು ಎಮ್ಮೆ ಕರು ಹಾಕಿತೇ ಎಂದು ಅಪ್ಪನನ್ನು ಕೇಳುತ್ತಾನೆ. ಒಳಗಿದ್ದವಳು ಕೇಳಬೇಕಾದ್ದನ್ನು ಕೇಳಿಸಿಕೊಳ್ಳುತ್ತಾಳೆ. ಮುನಿಯಪ್ಪ ಹಾಗೆ ಮಾಡಲಿಲ್ಲ. ಅಪ್ಪ, ಚಿಕ್ಕಪ್ಪ, ನೆರೆಯವರೆಲ್ಲ ಕೂತಿದ್ದ ಹಾಗೆಯೇ ಹೆಂಡತಿಯತ್ತ ನೆಟ್ಟಗೆ ನೋಡಿ, ಕೈಮುಗಿದು, ಪಾಠ ಒಪ್ಪಿಸಿಬಿಟ್ಟ. ಅವಳು ಕೈಯಲ್ಲಿದ್ದ ಮೊರ ಬಿಸಾಕಿ ಹಿತ್ತಲಿಗೆ ಓಡಿದಳು. ಅಪ್ಪ ಎದ್ದು ನಿಂತು ತಮ್ಮನಿಗೆ ಹೇಳಿದ: “ಜೈಲಲ್ಲಿ ಏನೋ ಮೆಟ್ಕಂಡದೆ ಕಣ್ಲಾ ಇವಂಗೆ. ಬೇವಿನ ಸೊಪ್ಪು ತಕಂಬಾ ವೋಗು.”

ಬೇವಿನ ಸೊಪ್ಪಿನಲ್ಲಿ ಅವನನ್ನು ಅಡಿಯಿಂದ ಮುಡಿವರೆಗೆ ಬಡಿದು ನಿವಾಳಿಸಿದರು. ನಾನು ಕೃಷ್ಣಗಿರಿಗೆ ಹೋಗಿ ನಡೆದದ್ದನ್ನು ವರದಿ ಮಾಡಿದೆ. ಜಡ್ಜ್ ಸಾಹೇಬರು ಕಣ್ಣು ಮುಚ್ಚಿ, “ಬೇವಿನ ಸೊಪ್ಪಿನಿಂದ ಬರಮಾಡಿಕೊಂಡರೆ? ಎಂಥ ಪ್ರಾಚೀನ ಸಂಪ್ರದಾಯ,” ಎಂದರು. ಪಾಠ ಮುಂದುವರಿಯಿತು.

ಹೀಗಿರುವಾಗ ನನ್ನ ಪಾಲಿಗೆ ಬಂದವನು ನಾಟ್ರಾಂಪಾಳ್ಯದ ಮಾದಪ್ಪ.

ಕಾಡಿನಲ್ಲಿ ಮೇಯುತ್ತಿದ್ದ ಇವನ ಆಡುಗಳನ್ನು ಫಾರೆಸ್ಟ್ ಗಾರ್ಡು ಹಿಡಿದಾಗ, ಮಾತಿಗೆ ಮಾತು ಬೆಳೆದು ಗಾರ್ಡಿನ ಕೈ ಮುರಿದಿತ್ತು. ಹಲವು ವರ್ಷಗಳ ಶಿಕ್ಷೆ. ಜೈಲಿನಲ್ಲಿ ಮಗ್ಗದ ಕೆಲಸ ಕಲಿತು, ಸರ್ಕಾರಿ ಕಚೇರಿಗಳ ಮೇಜಿಗೆ ಹಾಸುವ ಬಟ್ಟೆಯನ್ನು ದಿನವೂ ನೇಯುತ್ತಿದ್ದ. ನಡತೆ ಚೆನ್ನಾಗಿದ್ದುದರಿಂದ, ಮನೆಯವರು ಸೇರಿಸಿಕೊಳ್ಳುತ್ತಾರೆಂದು ನಮ್ಮ ಸಂಘ ಬರೆದುಕೊಟ್ಟರೆ ಅವಧಿಗೆ ಮೊದಲೇ ಬಿಡುವುದೆಂದು ಜೈಲಿನವರು ಒಪ್ಪಿದ್ದರು. ಬರೆದುಕೊಡದಿದ್ದರೆ ಪೂರ್ತಿ ಶಿಕ್ಷೆ.

“ನಮ್ಮವ್ವ ಹಣ್ಣಾಗೋಗವ್ಳೆ ಸ್ವಾಮಿ,” ಎಂದ ಮಾದಪ್ಪ. “ನಾ ಒಳಗಿರೋವಾಗ್ಲೇ ಹೋಗ್ಬುಟ್ರೆ ಬಾಯಿಗೆ ನೀರು ಬಿಡೋಕೂ ಇಲ್ದಂಗಾಯ್ತದೆ. ಅದೊಂದು ತಪ್ಪಿದ್ರೆ ಸಾಕು. ಇನ್ನೇನೂ ಬ್ಯಾಡ ನಂಗೆ.”

ಸಂಘ ಬರೆದುಕೊಡುವುದಕ್ಕೆ ಜಡ್ಜ್ ಸಾಹೇಬರದೇ ಒಂದು ವಿಧಿಯಿತ್ತು. ಮನೆಯ ಹೆಂಗಸರೆಲ್ಲರೂ ಒಟ್ಟಿಗೆ ಏಜೆಂಟನ ಮುಂದೆ ಬಂದು, ಇವನನ್ನು ಸೇರಿಸಿಕೊಳ್ಳುತ್ತೇವೆಂದು ಬಾಯಾರೆ ಹೇಳಬೇಕು. ಒಟ್ಟಿಗೆ ಎಂಬುದಕ್ಕೆ ಅಡಿಗೆರೆ. ತಾಯಿ ಒಪ್ಪಿ ಹೆಂಡತಿ ಒಪ್ಪದೆ ಹಿಂದೆಲ್ಲೋ ತೊಂದರೆಯಾಗಿತ್ತಂತೆ.

ನಾನು ಅಂಚೆಟ್ಟಿಯವರೆಗೆ ಗಾಡಿಯಲ್ಲಿ ಹೋಗಿ, ಅಲ್ಲಿಂದ ನಡೆದು ನಾಟ್ರಾಂಪಾಳ್ಯ ತಲುಪಿದೆ. ಮಣ್ಣಿನ ಗೋಡೆಯ, ಒಂದೇ ಬಾಗಿಲಿನ ಮನೆ. ಮಾದಪ್ಪನ ತಾಯಿ ಸಿದ್ದಕ್ಕ ಅಂಗಳದಲ್ಲಿ ಹುರುಳಿ ಬಡಿಯುತ್ತಿದ್ದಳು. ಬಂದ ಕಾರಣ ಹೇಳಿದೆ. ಮುದುಕಿಯ ಕಣ್ಣು ತುಂಬಿತು.

“ನಿಮ್ಮ ಸೊಸೆ ಎಲ್ಲಿದ್ದಾಳಮ್ಮ?”

“ಒಳಗವ್ಳೆ.”

“ಕರೀರಿ. ಇಬ್ಬರೂ ಬಂದು ಒಂದು ಮಾತು ಹೇಳಬೇಕು.”

“ಬರಾಕಿಲ್ಲ.”

“ಯಾಕೆ?”

“ಯಾಕಂದ್ರೆ, ಬರಾಕಿಲ್ಲ.”

ಮುಚ್ಚಿದ ಬಾಗಿಲ ಹಿಂದಿನಿಂದ ಒಂದು ಗಟ್ಟಿ ಧ್ವನಿ ಬಂತು. “ಅತ್ತೆ, ಆವಯ್ಯನ್ನ ಕಳ್ಸತ್ಲಾಗೆ. ಬಿಸ್ಲು ಏರ್ತಾ ಅದೆ. ದಾರೀಲಿ ಬಿದ್ಗಿದ್ದಾನು.”

ಇದು ಸೊಸೆ ಕೆಂಪಮ್ಮನ ಪರಿಚಯ. ನನ್ನ ಆರೋಗ್ಯದ ಮೇಲೆ ಅವಳಿಗಿದ್ದ ಕಾಳಜಿಗೆ ವಂದಿಸಿ ಹಿಂತಿರುಗಿದೆ.

ಮತ್ತೊಮ್ಮೆ ಹೋದಾಗ ಸಂಗತಿ ತಿರುವುಮುರುವಾಗಿತ್ತು. ಕೆಂಪಮ್ಮ ಅಂಗಳದಲ್ಲಿ ಆಡಿನ ಹಗ್ಗ ಬಿಗಿಯುತ್ತಿದ್ದಳು, ಬಾಗಿಲು ಮುಚ್ಚಿತ್ತು, ಮುದುಕಿ ಒಳಗೆ.

“ನಿಮ್ಮತ್ತೆಯನ್ನು ಕರೀರಿ.”

“ಬರಾಕಿಲ್ಲ.”

“ನಿಮ್ಮಿಬ್ಬರಿಗೂ ಆಗುವುದಿಲ್ಲವೇ?”

ಅವಳು ಆಡನ್ನು ಬಿಟ್ಟು ನನ್ನನ್ನು ನೋಡಿದಳು. ಆ ನೋಟದಲ್ಲಿ ಆಡಿಗಿಂತ ನಾನು ಸ್ವಲ್ಪ ಕೆಳಗಿದ್ದೆ. “ಆಗಾಕಿಲ್ಲ ಅಂತ್ಲೇ ತಿಳ್ಕೊಳಪ್ಪ. ಜಗಳ ಅಂತ್ಲೇ ತಿಳ್ಕೊ. ಅದ್ರಿಂದ ನಿಂಗೇನಾಗ್ಬೇಕು?”

“ನನಗೆ ಏನೂ ಆಗಬೇಕಿಲ್ಲ. ಇಬ್ಬರೂ ಒಟ್ಟಿಗೆ ಬಂದು ಹೇಳದಿದ್ದರೆ ಮಾದಪ್ಪನನ್ನು ಬಿಡುವುದಿಲ್ಲ. ಪೂರ್ತಿ ಶಿಕ್ಷೆ ಮುಗಿಸಿಯೇ ಬರಬೇಕು.”

ಹಗ್ಗದ ಮೇಲಿದ್ದ ಅವಳ ಕೈ ನಿಂತಿತು. ಒಳಗೆ ಏನೋ ಪಾತ್ರೆ ಉರುಳಿದ ಸದ್ದಾಯಿತು. ಅವಳು ಬಾಗಿಲ ಕಡೆ ನೋಡಿ ಕೇಳಿದಳು: “ಒಬ್ರಾದ್ಮೇಕೆ ಒಬ್ರು ಬಂದ್ರಾಗಾಕಿಲ್ವಾ?”

“ಒಟ್ಟಿಗೇ ಬರಬೇಕು.”

“ಅದ್ಯಾವ ಸೀಮೆ ಕಾನೂನು?”

“ನಮ್ಮ ಜಡ್ಜ್ ಸಾಹೇಬರದು.”

“ಅಂಗಾರೆ ಆವಪ್ಪನ್ನೇ ಕರ್ಕಂಬಾ. ಅದೆಂಗೆ ಒಟ್ಟಿಗೆ ಬರಬೋದೂಂತ ಅವ್ನೇ ತೋರ್ಸಿಕೊಡ್ಲಿ.”

ಇದನ್ನು ಹೆಚ್ಚು ಸಭ್ಯವಾದ ಮಾತುಗಳಿಗೆ ತಿರುಗಿಸಿ ಜಡ್ಜ್ ಸಾಹೇಬರ ಮುಂದಿಟ್ಟೆ. ಅತ್ತೆ ಬಂದಾಗ ಸೊಸೆ ಬರುವುದಿಲ್ಲ, ಸೊಸೆ ಬಂದಾಗ ಅತ್ತೆ ಬರುವುದಿಲ್ಲ ಎಂಬಷ್ಟೇ ನನ್ನ ವರದಿ. ಉಳಿದದ್ದನ್ನು ಅವರ ನ್ಯಾಯಬುದ್ಧಿ ಪೂರೈಸಿತು. “ವೈಮನಸ್ಯ,” ಎಂದರು. “ಒಬ್ಬರ ಮುಖ ಒಬ್ಬರು ನೋಡಲಾರದಷ್ಟು ಹಳೆಯ ವೈಮನಸ್ಯ. ಇಂಥ ಮನೆಗೆ ಕೋಪಿಷ್ಠನೊಬ್ಬನನ್ನು ಕಳಿಸಿದರೆ ಇನ್ನಾರ ಕೈ ಮುರಿಯುವನೋ. ನಾನೇ ಬರುತ್ತೇನೆ. ಅವರು ಒಂದಾದರೆ ಸರಿ, ಇಲ್ಲವಾದರೆ ಈ ವಿಷಯ ಅಲ್ಲಿಗೆ ಮುಗಿಯಿತು.” ಅಂದೇ ಕೂತು ‘ಗೃಹಸಾಮರಸ್ಯ’ ಎಂಬ ಉಪನ್ಯಾಸ ಬರೆಯತೊಡಗಿದರು.

ಮಾದಪ್ಪನಿಗೆ ಸುದ್ದಿ ಮುಟ್ಟಿಸಿದೆ. ಮಗ್ಗದ ಲಾಳಿ ಅವನ ಕೈಯಲ್ಲೇ ಉಳಿಯಿತು. “ಅವ್ವಂಗೂ ಕೆಂಪಿಗೂವಾ? ಇಬ್ರೂ ಒಂದೇ ತಟ್ಟೇಲಿ ಉಣ್ಣೋರು ಸ್ವಾಮಿ. ಇನ್ನೊಂದು ದಪ ಸರಿಯಾಗಿ ನೋಡಿ.”

ಸರಿಯಾಗಿ ನೋಡುವುದಕ್ಕೆ, ಈ ಸಲ ಊರವರೆಗೂ ಎತ್ತಿನ ಗಾಡಿ ಮಾಡಿಕೊಂಡು, ಮೂವರು ಹೊರಟೆವು: ಜಡ್ಜ್ ಸಾಹೇಬರು, ನಾನು ಮತ್ತು ಜಡ್ಜಮ್ಮನವರು. ಆ ಮಹಾತಾಯಿಗೆ ಸಮಾಜಸೇವೆಯ ಹುಚ್ಚು ಇರಲಿಲ್ಲ. ಆ ಕಾಡಿನ ಜೇನು ಒಳ್ಳೆಯದೆಂದು ಯಾರೋ ಹೇಳಿದ್ದರು, ಅದಕ್ಕೆ ಬಂದರು. ಮಡಿಯವರು, ದಾರಿಯಲ್ಲಿ ಉಡಲೆಂದು ಇನ್ನೊಂದು ಸೀರೆಯ ಗಂಟು ಜೊತೆಯಲ್ಲಿತ್ತು.

ಊರಿನ ಗಂಡಸರು, ಮಕ್ಕಳು ಅಂಗಳದಲ್ಲಿ ನೆರೆದರು. ಅಂದು ಹೊರಗಿದ್ದವಳು ಸಿದ್ದಕ್ಕ. ಬಾಗಿಲ ಹಿಂದೆ ಕೆಂಪಮ್ಮ. ಜಡ್ಜ್ ಸಾಹೇಬರಿಗೆ ಒಂದು ಮಂಚ ಹಾಕಿದರು. ಅವರು ಅದರ ಮೇಲೆ ಕೂರದೆ ಹತ್ತಿ ನಿಂತು, ಮುಚ್ಚಿದ ಬಾಗಿಲನ್ನು ಸಂಬೋಧಿಸಿ ಉಪನ್ಯಾಸ ಆರಂಭಿಸಿದರು. “ಎಲೈ ಗೃಹಿಣಿಯರೇ,” ಎಂದು ಮೊದಲಾಗುವ ಆ ಭಾಷೆ ಅಲ್ಲಿದ್ದವರಲ್ಲಿ ಯಾರಿಗೂ ಅರ್ಥವಾಗದಷ್ಟು ಶುದ್ಧವಾಗಿತ್ತು. ಒಬ್ಬ ಮುದುಕ ಪಕ್ಕದವನನ್ನು ಕೇಳಿದ: “ಯಾರಿಗ್ಲಾ ತಿಥಿ?”

ಜಡ್ಜಮ್ಮನವರು ಅದನ್ನು ಮನೆಯಲ್ಲಿ ಆಗಲೇ ಕೇಳಿದ್ದವರು. ಬಿಸಿಲಿಗೂ ಉಪನ್ಯಾಸಕ್ಕೂ ಒಂದೇ ಪರಿಹಾರ ಕಂಡುಕೊಂಡು, ಯಾರನ್ನೂ ಕೇಳದೆ ಬಾಗಿಲು ತಳ್ಳಿ ಒಳಗೆ ಹೋದರು. ಒಳಗೆ ಒಂದು ಕೂಗು ಎದ್ದು ಅರ್ಧಕ್ಕೇ ನಿಂತಿತು. ಬಾಗಿಲು ಮುಚ್ಚಿಕೊಂಡಿತು.

ಸ್ವಲ್ಪ ಹೊತ್ತಾದ ಮೇಲೆ ಬಾಗಿಲ ಸಂದಿನಿಂದ ಜಡ್ಜಮ್ಮನವರ ಬೆರಳು ನನ್ನನ್ನು ಕರೆಯಿತು.

“ಗಾಡಿಯಲ್ಲಿ ನನ್ನ ಗಂಟಿದೆ. ತನ್ನಿ.”

ತಂದುಕೊಟ್ಟೆ.

“ನೀವು ಎರಡು ಸಲ ಇಲ್ಲಿಗೆ ಬಂದಿದ್ದಿರಂತೆ. ಏನು ನೋಡಿದಿರಿ?”

“ಒಂದು ಸಲ ಅತ್ತೆಯನ್ನು, ಒಂದು ಸಲ ಸೊಸೆಯನ್ನು.”

“ಸೀರೆಯನ್ನು ನೋಡಲಿಲ್ಲವೇ?”

ನಾನು ತಿರುಗಿ ಸಿದ್ದಕ್ಕನ ಕಡೆ ನೋಡಿದೆ. ಬೂದಿಯ ಬಣ್ಣಕ್ಕೆ ತಿರುಗಿದ, ಸೆರಗಿನಲ್ಲಿ ತೇಪೆ ಹಾಕಿದ ಸೀರೆ. ಹಿಂದಿನ ಸಲ ಕೆಂಪಮ್ಮನ ಮೈಮೇಲೆ ಇದ್ದುದೂ ಅದೇ.

ಆಗ ಬಟ್ಟೆಗೆ ಕಂಟ್ರೋಲು ಬಂದಿದ್ದ ಕಾಲ. ಹೊಸೂರಿನಂಥ ಊರಲ್ಲೇ ಒಂದು ಸೀರೆಗೆ ಸಾಲು ನಿಲ್ಲಬೇಕು. ಕಾಡಿನ ಅಂಚಿನ ಹಳ್ಳಿಗಳಿಗೆ ಬಟ್ಟೆ ಬರುವುದು ಹಾಗಿರಲಿ, ಕಂಟ್ರೋಲಿನ ಸುದ್ದಿ ಕೂಡ ತಡವಾಗಿ ಬರುತ್ತಿತ್ತು. ಆ ಮನೆಯಲ್ಲಿ ಉಟ್ಟು ಹೊರಗೆ ಬರುವಂಥ ಸೀರೆ ಉಳಿದದ್ದು ಒಂದು. ಹೊರಗಿನ ಕೆಲಸ ಇದ್ದವಳು ಅದನ್ನು ಉಡುತ್ತಿದ್ದಳು. ಇನ್ನೊಬ್ಬಳು ಹರಕು ಕಂಬಳಿ ಸುತ್ತಿಕೊಂಡು ಬಾಗಿಲ ಹಿಂದೆ ಕೂರುತ್ತಿದ್ದಳು. ಹೀಗೆಂದು ಪರಗಂಡಸಿಗೆ ಹೇಳುವುದಕ್ಕಿಂತ ಜಗಳಗಂಟಿ ಎನಿಸಿಕೊಳ್ಳುವುದು ಮೇಲೆಂದು ಕೆಂಪಮ್ಮ ತೀರ್ಮಾನಿಸಿದ್ದಳು. ಆದರೆ ಆ ತೀರ್ಮಾನದಿಂದ ಗಂಡನ ಬಿಡುಗಡೆಗೇ ಕುತ್ತು ಬಂದಿತ್ತು.

ಅತ್ತ ಮಂಚದ ಮೇಲೆ ಉಪನ್ಯಾಸ ತುದಿಗೇರುತ್ತಿತ್ತು. “ಎರಡು ಹೃದಯಗಳು ಯಾವಾಗ ಒಂದಾಗುತ್ತವೆಯೋ,” ಎಂದು ಜಡ್ಜ್ ಸಾಹೇಬರು ಕೈಯೆತ್ತಿದ್ದೇ ತಡ, ಬಾಗಿಲು ತೆರೆಯಿತು. ಮುಂದೆ ಜಡ್ಜಮ್ಮನವರು; ಹಿಂದೆ ಹಸಿರು ಸೀರೆ ಉಟ್ಟ ಕೆಂಪಮ್ಮ. ಅವಳು ಬಂದು ಅತ್ತೆಯ ಪಕ್ಕ ನಿಂತಳು. ಮುದುಕಿ ಅವಳ ಕೈ ಹಿಡಿದುಕೊಂಡಳು.

ಎತ್ತಿದ ಕೈ ಇಳಿಸುವುದನ್ನೂ ಮರೆತು ಜಡ್ಜ್ ಸಾಹೇಬರು ನನ್ನ ಕಡೆ ತಿರುಗಿದರು. “ನೋಡಿದಿರಾ?”

“ನೋಡಿದೆ,” ಎಂದೆ.

“ವಾಕ್ಯ ಮುಗಿಯುವ ಮೊದಲೇ.”

“ಮೊದಲೇ.”

ಆ ಹಸಿರು ಸೀರೆಯನ್ನು ಹೆಂಡತಿಗೆಂದು ಕಂಚಿಯಿಂದ ಆರಿಸಿ ತಂದವರು ಜಡ್ಜ್ ಸಾಹೇಬರೇ. ಅದು ಅವರಿಗೆ ಗುರುತು ಹತ್ತಲಿಲ್ಲ. ಹೆಂಡತಿಯ ಮೈಮೇಲಿರುವ ಸೀರೆಯನ್ನೇ ಎಂದೂ ನೋಡದವರು ಕಂಡವರ ಮೈಮೇಲಿನದನ್ನು ನೋಡುವುದುಂಟೆ? ಅದು ಸಭ್ಯತೆಯ ಲಕ್ಷಣವೂ ಅಲ್ಲ.

“ಮಾದಪ್ಪನನ್ನು ಸೇರಿಸಿಕೊಳ್ಳುತ್ತೀರಾ?” ಎಂದು ವಿಧಿವತ್ತಾಗಿ ಕೇಳಿದರು.

“ಕಳ್ಸಿ,” ಎಂದಳು ಕೆಂಪಮ್ಮ.

“ಬಿರ್ರನೆ ಕಳ್ಸಿ,” ಎಂದಳು ಸಿದ್ದಕ್ಕ.

ಹೊರಡುವಾಗ ಕೆಂಪಮ್ಮ ಜಡ್ಜಮ್ಮನವರಿಗೆ ಮೆಲ್ಲಗೆ, “ಒಸಿ ತಾಳವ್ವ, ಒಳೀಕೋಗಿ ಬಿಚ್ಕೊಟ್ಬುಡ್ತೀನಿ,” ಎಂದಳು.

“ನೀನು ಉಟ್ಟ ಮೇಲೆ ಅದು ನನ್ನ ಮಡಿಗೆ ಬರುವುದಿಲ್ಲ. ನೀನೇ ಇಟ್ಟುಕೋ.”

ಕೆಂಪಮ್ಮ ಅವರ ಮುಖವನ್ನು ಚೆನ್ನಾಗಿ ನೋಡಿದಳು. “ನೀ ಉಟ್ಟಿದ್ದೂಂತ ನಂಗೇನೂ ಮೈಲಿಗೆ ಇಲ್ಲ. ಇಟ್ಕತೀನಿ,” ಎಂದು, ಒಳಗಿನಿಂದ ಒಂದು ಗಡಿಗೆ ಜೇನು ತಂದು ಗಾಡಿಯಲ್ಲಿಟ್ಟಳು.

‘ಗೃಹಸಾಮರಸ್ಯ’ ಉಪನ್ಯಾಸ ಅಚ್ಚಾಯಿತು. ಅತ್ತೆ ಸೊಸೆ ಜೊತೆಯಾಗಿ ಹೊರಬಾರದ ಮನೆಗಳಲ್ಲೆಲ್ಲ ಅದನ್ನು ಗಟ್ಟಿಯಾಗಿ ಓದಬೇಕೆಂದು ಏಜೆಂಟರಿಗೆಲ್ಲ ಆಜ್ಞೆಯಾಯಿತು. ಯುದ್ಧ ಮುಗಿದ ಮೇಲೂ ಬಟ್ಟೆಯ ಬರ ಮುಗಿಯದೆ ಇದ್ದುದರಿಂದ ಇಂಥ ಮನೆಗಳಿಗೆ ಕೊರತೆ ಇರಲಿಲ್ಲ. ನಾನು ಉಪನ್ಯಾಸದ ಜೊತೆಗೆ, ಜಡ್ಜಮ್ಮನವರು ಪರಿಚಯದವರ ಮನೆಗಳಿಂದ ಕೂಡಿಸಿಕೊಟ್ಟ ಹಳೆಯ ಸೀರೆಯೊಂದನ್ನು ಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದೆ. ಉಪನ್ಯಾಸ ಒಮ್ಮೆಯೂ ವಿಫಲವಾಗಲಿಲ್ಲ. ಬೇರೆ ಕಡೆಯ ಒಬ್ಬ ಏಜೆಂಟರು ಬರೀ ಉಪನ್ಯಾಸ ಓದಿ ಬರಿಗೈಯಲ್ಲಿ ಹಿಂತಿರುಗುತ್ತಿದ್ದರು. ಉಚ್ಚಾರಣೆ ತಿದ್ದಿಕೊಳ್ಳಬೇಕೆಂದು ಜಡ್ಜ್ ಸಾಹೇಬರು ಅವರಿಗೆ ತಾಕೀತು ಮಾಡಿದರು. ನಾನು ಗುಟ್ಟಾಗಿ ಅವರಿಗೂ ಚೀಲದ ವಿಷಯ ಹೇಳಿದೆ; ಉಚ್ಚಾರಣೆ ಸುಧಾರಿಸಿತು.

ಅಂದಿನಿಂದ ಇನ್ನೊಂದು ಪದ್ಧತಿಯನ್ನೂ ಇಟ್ಟುಕೊಂಡೆ. ಯಾವ ಮನೆಗೆ ಹೋದರೂ ದೂರದಲ್ಲೇ ನಿಂತು ಕೂಗಿ, ಬನ್ನಿ ಎನ್ನುವವರೆಗೆ ಮರದ ಕೆಳಗೆ ಕಾಯುತ್ತಿದ್ದೆ. ಕೈದಿಯನ್ನು ಮನೆಗೆ ಹೊಂದಿಸುವ ಮೊದಲು ಮನೆಗೆ ಮೈ ಮುಚ್ಚಿಕೊಳ್ಳಲು ಸ್ವಲ್ಪ ಹೊತ್ತು ಕೊಡಿ. ಈ ಮಾತು ಈಗಿನ ಪರೀಕ್ಷೆಯ ಪುಸ್ತಕಗಳಲ್ಲಿ ಇಲ್ಲದಿದ್ದರೆ ಅಂಚಿನಲ್ಲಿ ಬರೆದುಕೊಳ್ಳಿ.

ಮಾದಪ್ಪನ ಬಿಡುಗಡೆಯ ದಿನ ಉಗ್ರಾಣದಲ್ಲಿ ಒಂದು ತಕರಾರಾಯಿತು. ಹೊರಹೋಗುವವನಿಗೆ ಜೈಲಿನ ಮಗ್ಗದ ಬಟ್ಟೆಯಿಂದ ಅಂಗಿ, ಪಂಚೆ, ವಲ್ಲಿ ಕತ್ತರಿಸಿ ಕೊಡುವುದು ವಾಡಿಕೆ. ಮನೆಯ ಸಂಗತಿಯನ್ನು ನನ್ನಿಂದ ತಿಳಿದಿದ್ದ ಮಾದಪ್ಪ, “ಕತ್ತರಿ ಹಾಕ್ಬ್ಯಾಡಿ. ಇಡೀಕೆ ಕೊಟ್ಬುಡಿ, ಸೀರೆ ಆಯ್ತದೆ,” ಎಂದು ಹಟ ಹಿಡಿದ. ಅವನು ಬಂದಾಗ ಉಟ್ಟಿದ್ದ ಹರಕು ಪಂಚೆಯೇ ಅವನಿಗೆ ಸಾಕಂತೆ.

ಉಗ್ರಾಣದವನು ನನ್ನ ಕಡೆ ತಿರುಗಿದ. “ಗಂಡು ಕೈದಿಗೆ ಸೀರೆ ಕೊಡೋಕೆ ರೂಲ್ ಇಲ್ಲ ಸಾರ್.”

“ಇದು ಸೀರೆಯಲ್ಲ,” ಎಂದೆ. “ಹೊಲಿಯದ ಅಂಗಿ.”

ಅವನು ಬಟ್ಟೆಯ ಉದ್ದವನ್ನೂ ಮಾದಪ್ಪನ ಎತ್ತರವನ್ನೂ ನೋಡಿದ. “ದೊಡ್ಡ ಅಂಗಿ.”

“ಮುಂದೆ ಮೈ ತುಂಬಿಕೊಂಡಾನು.”

ಉಗ್ರಾಣದವನೂ ಸಂಸಾರಸ್ಥ. ಕತ್ತರಿಯನ್ನು ಕೆಳಗಿಟ್ಟ. ಮಾದಪ್ಪ ತಾನೇ ನೇಯ್ದ ಮೇಜಿನ ಬಟ್ಟೆಯ ಸುರುಳಿಯನ್ನು ಹೆಗಲ ಮೇಲೆ ಹೊತ್ತು ನಡೆದ.

ಬಿಟ್ಟವರ ಮನೆಗೆ ಮತ್ತೊಮ್ಮೆ ಹೋಗಿ ನೋಡಿಬರುವುದು ನಮ್ಮ ಕೆಲಸದ ಕೊನೆಯ ಭಾಗ. ರಾಗಿ ಕೊಯ್ಲಿನ ಕಾಲಕ್ಕೆ ನಾಟ್ರಾಂಪಾಳ್ಯಕ್ಕೆ ಹೋದೆ. ಮರದ ಕೆಳಗೆ ನಿಂತು ಕೂಗುವ ಅಗತ್ಯ ಬೀಳಲಿಲ್ಲ. ಅದಕ್ಕಿಂತ ಮೊದಲೇ ಅಲ್ಲಿಂದ ಕೂಗು ಕೇಳಿಸಿತು. ಅಂಗಳದ ಒಂದು ತುದಿಯಲ್ಲಿ ಹಳೆಯ ತೇಪೆ ಸೀರೆಯ ಸಿದ್ದಕ್ಕ, ಇನ್ನೊಂದು ತುದಿಯಲ್ಲಿ, ಹಸಿರು ಸೀರೆಯನ್ನು ಹಬ್ಬಕ್ಕೆಂದು ಎತ್ತಿಟ್ಟು, ಕಚೇರಿ ಮೇಜಿನ ಬಟ್ಟೆಯುಟ್ಟ ಕೆಂಪಮ್ಮ. ನಡುವೆ ಒಂದು ಕೋಳಿ.

“ನಿನ್ನ ಕೋಳಿ ನನ್ನ ರಾಗಿ ತಿಂದ್ರೆ ನಾ ಏನ್ ಆರ್ತಿ ಎತ್ಲಾ?”

“ನನ್ನ ಕೋಳೀನಾ? ಮೊಟ್ಟೆ ಉಣ್ಣೋವಾಗ ಯಾರ ಕೋಳಿ ಅಂತ ಕೇಳಿದ್ಯಾ ಅತ್ತೆ?”

ಊರಿಗೆಲ್ಲ ಕೇಳುತ್ತಿತ್ತು. ನನ್ನನ್ನು ಕಂಡ ಮಾದಪ್ಪ ಕೈಯಲ್ಲಿದ್ದ ಕುಡುಗೋಲು ಬಿಟ್ಟು ಓಡಿಬಂದ.

“ಇದನ್ನ ಜಡ್ಜ್ ಸಾಹೇಬ್ರಿಗೆ ಏಳ್ಬ್ಯಾಡಿ ಸ್ವಾಮಿ. ಒಟ್ಟಿಗೇ ಇದ್ದೋರು, ಇವತ್ತೊಂದಿನ ಇಂಗಾಗ್ಬುಟ್ಟದೆ. ತಿರ್ಗಾ ಒಳೀಕ್ ಆಕ್ಬುಟ್ಟಾರು.”

“ಇಬ್ಬರೂ ಹೊರಗೆ ಬಂದಿದ್ದಾರಲ್ಲ,” ಎಂದೆ. “ಒಟ್ಟಿಗೇ ಬಂದಿದ್ದಾರೆ. ಇಷ್ಟೇ ನಾನು ಹೇಳುವುದು.”

ಅಷ್ಟರಲ್ಲಿ ಸಿದ್ದಕ್ಕ ಸೊಂಟದ ಮೇಲೆ ಕೈಯಿಟ್ಟು, “ಏಯ್ ಮಾದ, ಬಾರ್ಲಾ ಇಲ್ಲಿ. ನೀನೇ ಏಳು, ಯಾರ್ದು ತಪ್ಪು?” ಎಂದಳು.

“ಏಳ್ಲಿ, ಏಳ್ಲಿ,” ಎಂದಳು ಕೆಂಪಮ್ಮ. “ಏಳಿ ನೋಡ್ಲಿ.”

ಮಾದಪ್ಪ ಕೋಳಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ನಾನು ಯಾವ ನೆರವನ್ನೂ ನೀಡಲಿಲ್ಲ. ನಮ್ಮ ಸಂಘದ ವ್ಯಾಪ್ತಿ ಹೊಸಿಲವರೆಗೆ ಮಾತ್ರ. ಅವನು ತಲೆ ಕೆರೆದುಕೊಳ್ಳುತ್ತಾ ಅವರಿಬ್ಬರ ನಡುವೆ ಹೋಗಿ ನಿಂತ. ನಾನು ಅಂಚೆಟ್ಟಿಯ ದಾರಿ ಹಿಡಿದೆ.